ಹಿರಿಯೂರು ಬೈಪಾಸಿನಲ್ಲಿ ಕಂಡದ್ದು

ಚಿತ್ರದುರ್ಗ
ಭಾನುವಾರ ರಾತ್ರಿ

ಪ್ರೀತಿಯ ಭಾವನವರಿಗೆ,

ಎಲ್ಲರೂ ಕ್ಷೇಮವಾಗಿ ಬಂದು ಸೇರಿದ್ದೇವೆ. ನಾಗಮಂಗಲ, ಚಿಕ್ಕನಾಯಕನಹಳ್ಳಿ, ಹುಳಿಯಾರು ದಾಟಿ 150ಎ ಹೆದ್ದಾರಿಯಲ್ಲೇ ಹಿರಿಯೂರಿಗೆ ಬಂದೆವು. ಮಕ್ಕಳು ದಾರಿಯುದ್ದಕ್ಕೂ ನಿದ್ದೆ ಹೊಡೆದರೆಂದು ಅಕ್ಕನಿಗೆ ಹೇಳಿ.

ಹೋದ ಸಲ ಹುಬ್ಬಳ್ಳಿಗೆ ಹೋಗುವಾಗ ನಿಮಗೆ ಬಿದ್ದ ಸ್ಪೀಡಿನ ದಂಡದ ಸಿಟ್ಟು ಇನ್ನೂ ಇಳಿದಿಲ್ಲವೆಂದು ಬಲ್ಲೆ. ‘ಸಣ್ಣ ಊರಿನ ಪೊಲೀಸರು ಹೊರಗಿನ ಗಾಡಿಗಳನ್ನೇ ಆರಿಸಿ ಹಿಡಿಯುತ್ತಾರೆ’ ಎಂದಿದ್ದಿರಿ. ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹಿರಿಯೂರು ಬೈಪಾಸಿನ ಪಕ್ಕ ಚಹಾ ಕುಡಿಯಲು ನಿಂತಾಗ ಹೋಗಿಬರುವ ಗಾಡಿಗಳ ನಂಬರ್ ಪ್ಲೇಟು ನೋಡುತ್ತ ಕುಳಿತೆ. ಮೇಲಿನ 48ನೇ ಹೆದ್ದಾರಿಯಲ್ಲಿ ತಮಿಳುನಾಡು, ಮಹಾರಾಷ್ಟ್ರ, ಹರಿಯಾಣದ ಲಾರಿಗಳು. ಕಾರುಗಳಾದರೆ ಬೆಂಗಳೂರಿನವು, ಧಾರವಾಡದ ಕೆಎ 25, ಬೆಳಗಾವಿಯ ಕೆಎ 22. ಇಲ್ಲಿನ ಕೆಎ 16 ಗಾಡಿಗಳು ಕಂಡದ್ದು ಕೆಳಗಿನ ಸರ್ವಿಸ್ ರಸ್ತೆಯಲ್ಲಿ. ಹಾಲಿನ ಕ್ಯಾನು ಕಟ್ಟಿದ ಬೈಕು, ಈರುಳ್ಳಿ ಚೀಲ ಹೇರಿದ ಟ್ರ್ಯಾಕ್ಟರು, ಶೇರ್ ಆಟೊ. ಅಲ್ಲೇ ಚಹಾ ಕುಡಿಯುತ್ತಿದ್ದ ಪೊಲೀಸರೊಬ್ಬರನ್ನು ನಿಮ್ಮ ಪ್ರಶ್ನೆಯನ್ನೇ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ‘ಸಾರ್, ಮೇಲಿನ ರೋಡಲ್ಲಿ ನಮ್ಮೂರ ಗಾಡಿ ಎಲ್ಲಿ ಬರ್ತಾವೆ? ಅಲ್ಲಿ ಓಡೋವೆಲ್ಲ ಹೊರಗಿನವೇ. ಸ್ಪೀಡ್ ಗನ್ ಹಿಡಿದ್ರೆ ಹೊರಗಿನವೇ ಸಿಗ್ತಾವೆ’ ಎಂದರು.

ಇದು ನಿಜ ಭಾವ. ಹಿಡಿದ ಗಾಡಿಗಳಲ್ಲಿ ಹೊರಗಿನವೇ ಹೆಚ್ಚು ಎಂಬುದೊಂದರಿಂದ ತಾರತಮ್ಯ ಸಾಬೀತಾಗುವುದಿಲ್ಲ. ಈ 48ನೇ ಹೆದ್ದಾರಿಯಲ್ಲಿ ಸಾಯುವವರಲ್ಲೂ ಊರು ದಾಟಿ ಹೋಗುವವರು ಎಷ್ಟೋ ಮಂದಿ. 2025ರ ಡಿಸೆಂಬರ್ 25ರ ನಸುಕಿನಲ್ಲಿ ಇದೇ ತಾಲ್ಲೂಕಿನ ಗೊರ್ಲತ್ತು ಹತ್ತಿರ ಕಂಟೇನರ್ ಲಾರಿಯೊಂದು ಡಿವೈಡರ್ ಹಾರಿ ಬಂದು, ಬೆಂಗಳೂರಿನಿಂದ ಗೋಕರ್ಣಕ್ಕೆ ಹೊರಟಿದ್ದ ಸ್ಲೀಪರ್ ಬಸ್ಸಿಗೆ ಬಡಿಯಿತು. ಹಬ್ಬದ ರಜೆಗೆ ಹೊರಟಿದ್ದವರು ಬೆಂಕಿಯಲ್ಲಿ ಬೆಂದುಹೋದರು. ಈ ರಸ್ತೆಯಲ್ಲಿ ವೇಗ ತಡೆಯಬೇಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ಪಕ್ಕದಲ್ಲಿ ಕೂತಿದ್ದ ನಾಮಕ್ಕಲ್ ಲಾರಿಯ ಡ್ರೈವರ್, ಪೊಲೀಸರು ಎದ್ದುಹೋದ ಮೇಲೆ, ಮುರುಕು ಕನ್ನಡದಲ್ಲಿ ಇನ್ನೊಂದು ಮಾತು ಹೇಳಿದ. ‘ಕ್ಯಾಮೆರಾ ನಂಬರ್ ನೋಡಿ ಹಿಡಿಯಲ್ಲ ಸಾರ್. ಕೈ ಅಡ್ಡ ಹಾಕೋರು ನಂಬರ್ ನೋಡೇ ಹಿಡೀತಾರೆ.’ ಅವನು ಯಾವ ಊರನ್ನೂ ಹೆಸರಿಸಲಿಲ್ಲ. ಕಾಶ್ಮೀರದವರೆಗೂ ಹೀಗೇ ಎಂದ. ನಿಮ್ಮ ಸಿಟ್ಟಿಗೆ ನಿಜವಾದ ಆಧಾರ ಇರುವುದು ಇಲ್ಲಿ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಕೂಡದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ಬಹಿರಂಗವಾಗಿಯೇ ಹೇಳಬೇಕಾಗಿ ಬಂತಲ್ಲ. ಜನರ ದೂರು ಸುಳ್ಳಾಗಿದ್ದರೆ ಆ ಮಾತಿಗೆ ಅಗತ್ಯವೇ ಇರುತ್ತಿರಲಿಲ್ಲ.

ದಂಡದಿಂದಲೇ ಊರು ಬದುಕುವ ಅಮೆರಿಕದ ಕಥೆ ಬೇರೆ. ಫ್ಲೋರಿಡಾದಲ್ಲಿ ವಾಲ್ಡೊ ಎಂಬ ಪುಟ್ಟ ಊರಿದೆ. ಹೆದ್ದಾರಿಯಲ್ಲಿ ಹಾದುಹೋಗುವವರ ದಂಡದಿಂದಲೇ ಊರಿನ ಖಜಾನೆಯ ದೊಡ್ಡ ಪಾಲು ತುಂಬುತ್ತಿತ್ತು. ಇಷ್ಟು ಟಿಕೆಟ್ ಬರೆಯಲೇಬೇಕೆಂದು ಮೇಲಿನವರು ಒತ್ತಾಯಿಸುತ್ತಾರೆಂದು ಅಲ್ಲಿನ ಪೊಲೀಸರೇ ದೂರಿದ ಮೇಲೆ 2014ರಲ್ಲಿ ಆ ಊರಿನ ಪೊಲೀಸ್ ಇಲಾಖೆಯನ್ನೇ ಮುಚ್ಚಿದರು. ಮಸಾಚುಸೆಟ್ಸ್‌ನ ದಂಡದ ಲೆಕ್ಕ ಹಿಡಿದು ಮಕೋವ್ಸ್ಕಿ, ಸ್ಟ್ರಾಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೊರ ಊರಿನ ಚಾಲಕರಿಗೇ ದಂಡ ಬೀಳುವ ಸಾಧ್ಯತೆ ಹೆಚ್ಚು ಎಂದಿತು. ಸ್ಥಳೀಯರಿಗೆ ಅಲ್ಲಿ ವೋಟಿದೆ, ಹೊರಗಿನವರಿಗಿಲ್ಲ. ನಮ್ಮಲ್ಲಿ ನೀವು ಕಟ್ಟಿದ 1000 ರೂಪಾಯಿ ಹಿರಿಯೂರು ನಗರಸಭೆಗಾಗಲಿ ಇನ್ನಾವ ಊರಿನ ಆಡಳಿತಕ್ಕಾಗಲಿ ಸೇರುವುದಿಲ್ಲ, ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಊರು ನಿಮ್ಮನ್ನು ಸುಲಿದು ಬೆಳೆಯಿತು ಎನ್ನಲು ದಾರಿಯಿಲ್ಲ. ರಸೀದಿ ಕೊಡದೆ ಇಸಿದುಕೊಂಡ ದುಡ್ಡಿನ ಮಾತು ಬೇರೆ. ಅದು ದಂಡವೇ ಅಲ್ಲ, ಲಂಚ.

ನಿನ್ನೆ ವಾಣಿವಿಲಾಸ ಸಾಗರ ನೋಡಿಕೊಂಡು ಹೊಸದುರ್ಗಕ್ಕೆ ಹೋದೆವು. 1933ರ ನಂತರ 2022ರಲ್ಲಿ ಕೋಡಿ ಬಿದ್ದ ಆ ಜಲಾಶಯ ನೋಡಿ ಮಕ್ಕಳು ಕುಣಿದಾಡಿದರು. ಹೊಸದುರ್ಗದಿಂದ ಹೊಳಲ್ಕೆರೆಗೆ ತೆಂಗು, ಆಮೇಲೆ ಅಡಿಕೆ ತೋಟಗಳ ನಡುವೆ ದಾರಿ. ಈ ರಸ್ತೆಗಳಲ್ಲಿ ಗನ್ನೂ ಇಲ್ಲ, ಇಂಟರ್‌ಸೆಪ್ಟರ್ ಜೀಪೂ ಇಲ್ಲ. ಹಳ್ಳಿಗೊಂದರಂತೆ ಹಂಪುಗಳಿವೆ, ಹಲವಕ್ಕೆ ಬಿಳಿ ಪಟ್ಟಿಯೇ ಇಲ್ಲ. ಒಂದು ಕಡೆ ಅರ್ಧ ರಸ್ತೆಗೆ ರಾಗಿ ತೆನೆ ಹರಡಿ ಒಕ್ಕಣೆ ನಡೆಸಿದ್ದರು, ಅಂಚಿಗೆ ಸಾಲಾಗಿ ಕಲ್ಲು ಜೋಡಿಸಿದ್ದರು. ಊರಿನವನಿಗೆ ಎಲ್ಲಿ ಹಂಪಿದೆ, ಎಲ್ಲಿ ಕಲ್ಲಿದೆ ಎಂಬುದು ಗೊತ್ತು. ನಮ್ಮಂಥವರು ಕತ್ತಲಲ್ಲಿ ಬಂದರೆ ಗತಿಯೇನು?

ಹೊರಗಿನವನಿಗೆ ನಿಜಕ್ಕೂ ಅನ್ಯಾಯ ಆಗುವುದು ಈ ಗೊತ್ತಿಲ್ಲದಿರುವುದರಲ್ಲಿ. ಚತುಷ್ಪಥದಲ್ಲಿ ಕಾರಿಗೆ 100, ಪುರಸಭೆ ಎಲ್ಲೆಯೊಳಗೆ 70 ಎಂದು ಕೇಂದ್ರದ 2018ರ ಅಧಿಸೂಚನೆ ಹೇಳಿತ್ತು. ಆ 100 ಎಲ್ಲಿ ಮುಗಿಯಿತು ಎಂಬುದನ್ನು ಬೋರ್ಡು ಹೇಳಬೇಕು. ಬೋರ್ಡು ಬೇವಿನ ಕೊಂಬೆಯ ಹಿಂದೆ ಮುಚ್ಚಿಹೋಗಿದ್ದು, ಗನ್ ಮಾತ್ರ ಫ್ಲೈಓವರ್ ಇಳಿಜಾರಿನ ಕೆಳಗೆ ಕಾದು ನಿಂತರೆ ಅದು ನ್ಯಾಯವಲ್ಲ. ಊರಿನವನು ಒಂದು ಸಲ ದಂಡ ಕಟ್ಟಿ ಕಲಿಯುತ್ತಾನೆ. ನೀವು ಮತ್ತೆ ಆ ದಾರಿಗೆ ಹೋಗುವುದೇ ಯಾವಾಗಲೋ. ತಕರಾರು ತೆಗೆದರೆ ಮೈಸೂರಿನಿಂದ ದಂಡ ಬಿದ್ದ ಊರಿನ ಕೋರ್ಟಿಗೆ ಅಲೆಯಬೇಕಾದೀತು, ಅದಕ್ಕಿಂತ ಸಾವಿರ ಕಟ್ಟಿದ್ದೇ ವಾಸಿ ಎನಿಸುತ್ತದೆ.

ಹೊರಗಿನವನ ಈ ಕಷ್ಟಕ್ಕೆ ಕಾನೂನು ಕಣ್ಣು ಮುಚ್ಚಿಕೊಂಡಿಲ್ಲ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿಸಿದರು. ವೇಗ ಅಳೆಯುವ ಯಂತ್ರಕ್ಕೆ ಪ್ರತಿ ವರ್ಷ ಪ್ರಮಾಣಪತ್ರ ನವೀಕರಿಸಬೇಕು, ಯಂತ್ರದ ಕಣ್ಗಾವಲು ಇರುವ ಜಾಗದಲ್ಲಿ ಎಚ್ಚರಿಕೆ ಫಲಕ ಎದ್ದು ಕಾಣಬೇಕು, ನೋಟಿಸು 15 ದಿನದೊಳಗೆ ಕಳುಹಿಸಬೇಕು, ಚಲನ್‌ನಲ್ಲಿ ಫೋಟೊ, ಅಳೆದ ವೇಗ, ಸ್ಥಳ, ಸಮಯ ಎಲ್ಲ ಇರಬೇಕು ಎಂದು ಆ ನಿಯಮ ಆಗ ಹೇಳಿತು.

ಆದ್ದರಿಂದ ಭಾವ, ನಿಮ್ಮ ಚಲನ್ ಹುಡುಕಿ ಇಡಿ. ಅಕ್ಕ ಅದನ್ನು ಕಾರಿನ ಆರ್‌ಸಿ ಜೊತೆ ಕವರಿನಲ್ಲಿ ಹಾಕಿದ್ದಳು. ಫೋಟೊ ಇದೆಯೇ, ವೇಗ ಎಷ್ಟೆಂದು ಬರೆದಿದ್ದಾರೆಯೇ, ನೋಟಿಸು ಯಾವ ತಾರೀಖಿನದು ನೋಡಿ. ಎಲ್ಲವೂ ಸರಿಯಿದ್ದರೆ ಈ ದಂಡ ನ್ಯಾಯವಾದದ್ದೇ, ನಾನು ನಿಮ್ಮ ಪರ ನಿಲ್ಲಲಾರೆ. ಒಂದು ಕೊರತೆ ಕಂಡರೂ ದಂಡ ಬಿದ್ದ ಜಿಲ್ಲೆಯ ಎಸ್‌ಪಿಗೆ ಬರೆಯೋಣ, ಅರ್ಜಿ ನಾನೇ ಬರೆದುಕೊಡುತ್ತೇನೆ. ಬೋರ್ಡಿನ ವಿಷಯವನ್ನೂ ಅದರಲ್ಲಿ ಸೇರಿಸೋಣ.

ನಾಳೆ ಬೆಳಿಗ್ಗೆ ಕೋಟೆ ಹತ್ತಿ, ಮಧ್ಯಾಹ್ನ ಊಟ ಮುಗಿಸಿ ಹೊರಡುತ್ತೇವೆ. ಅಕ್ಕನಿಗೆ ಹೊಸದುರ್ಗದ ದಾಳಿಂಬೆ ತರುತ್ತಿದ್ದೇನೆ.

ನಿಮ್ಮ ಪ್ರೀತಿಯ
ಭಾಮೈದ