ಅಟ್ಟದಲ್ಲಿ ಕೊಬ್ಬರಿ, ಕೈಯಲ್ಲಿ ಮನವಿ

12 ಡಿಸೆಂಬರ್ 2023, ಮಂಗಳವಾರ. ಬೆಳಗಾವಿ

ರಾತ್ರಿಯಿಡೀ ರೈಲಿನಲ್ಲಿ ನಿದ್ದೆಯಿಲ್ಲ. ದೊಡ್ಡಪ್ಪ ಮಾತ್ರ ಹಸಿರು ಶಾಲು ಹೊದ್ದು, ಅರಸೀಕೆರೆ ಬರುವ ಮೊದಲೇ ಗೊರಕೆ ಶುರು ಮಾಡಿದ್ದರು. ಈ ಊರಿನ ಚಳಿಗೆ ಆ ಶಾಲು ಯಾವ ಮೂಲೆಗೆ ಸಾಕು, ಸ್ವೆಟರ್ ಹಾಕಿಕೊಳ್ಳಿ ಅಂದರೆ, "ಇದು ಚಳಿಗೆ ಹೊದಿಯೋದಲ್ಲ ಕಣೋ" ಅಂದರು.

ಸುವರ್ಣ ವಿಧಾನಸೌಧದ ಒಳಗೆ ಅಧಿವೇಶನ, ಹೊರಗೆ ಪೆಂಡಾಲುಗಳ ಜಾತ್ರೆ. ಒಂದರಲ್ಲಿ ಕೆಲಸ ಕಾಯಂ ಮಾಡಿ ಅನ್ನುವವರು, ಪಕ್ಕದಲ್ಲಿ ಮೀಸಲಾತಿ ಕೇಳುವವರು, ಅದರಾಚೆ ಕಬ್ಬಿನ ಬಾಕಿಯವರು. ನಾವು ಕೊಬ್ಬರಿಯವರು ತಿಪಟೂರಿನಿಂದ ಇಷ್ಟು ದೂರ ಬಂದು ಕಬ್ಬಿನವರ ಮೈಕಿನ ಸದ್ದಿನಲ್ಲಿ ಮುಳುಗಿಹೋದೆವು. ನಮ್ಮ ಮೈಕು ಬಾಡಿಗೆಯದು, ಅವರದು ಸ್ವಂತದ್ದು.

ಮೂರು ಗಂಟೆಗೆ ಒಬ್ಬ ಮಂತ್ರಿ ಬಂದರು. ಪೊಲೀಸರು, ಕ್ಯಾಮೆರಾದವರು, ನಾಲ್ಕು ನಿಮಿಷ. "ಏನು ನಿಮ್ಮ ಬೇಡಿಕೆ, ಒಂದೇ ಮಾತಲ್ಲಿ ಹೇಳಿ" ಅಂದರು. ನಾನು ಬರೆದ ಮನವಿಯಲ್ಲಿ ಏಳು ಬೇಡಿಕೆ ಇತ್ತು. ಬೆಂಬಲ ಬೆಲೆ, ಖರೀದಿ ಕೇಂದ್ರ, ಬರ ಪರಿಹಾರ, ಕಪ್ಪುತಲೆ ಹುಳುವಿಗೆ ಔಷಧ, ರಾತ್ರಿಯ ಬದಲು ಹಗಲು ಕರೆಂಟು... ಉಳಿದ ಎರಡು ನನಗೇ ಈಗ ನೆನಪಾಗುತ್ತಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ನೀರಾದಿಂದ ಶುರು ಮಾಡಿದರು. ಅದು ತೆಂಗಿನ ಮರದಿಂದ ನೀರಾ ಇಳಿಸುವ ಹಕ್ಕಿಗಾಗಿ ನಡೆದ 2001ರ ಚಳವಳಿ. ಮಂತ್ರಿಗಳು ಹುಟ್ಟಿದ ವರ್ಷದಿಂದ ಶುರು ಮಾಡದೆ ಹೋದದ್ದೇ ಪುಣ್ಯ. ಅವರು ಕಾಗದ ಈಸಿಕೊಂಡು ಪಿಎ ಕೈಗಿತ್ತು, ಫೋಟೋಗೆ ನಿಂತು ಹೊರಟರು.

ತಪ್ಪು ಅವರದಲ್ಲ. ಏಳು ಕೇಳಿದವನಿಗೇ ಯಾವುದು ಮುಖ್ಯ ಅಂತ ಗೊತ್ತಿಲ್ಲದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು.

13 ಡಿಸೆಂಬರ್

ಇವತ್ತು ನಮ್ಮ ಸುದ್ದಿ ಟಿವಿಯಲ್ಲಿ ಬರುತ್ತದೆ ಎಂದು ಒಬ್ಬ ವರದಿಗಾರ ಮಾತು ಕೊಟ್ಟಿದ್ದ. ಮಧ್ಯಾಹ್ನ ಲೋಕಸಭೆಯೊಳಗೆ ಯಾರೋ ಹಾರಿ ಹೊಗೆ ಡಬ್ಬಿ ಸಿಡಿಸಿದರು. ಆಮೇಲೆ ರಾಜ್ಯದಲ್ಲಿ ಕೊಬ್ಬರಿಯೂ ಇಲ್ಲ, ಕಬ್ಬೂ ಇಲ್ಲ. ಸಂಜೆ ರೈಲು ಹತ್ತಿದೆವು.

28 ಡಿಸೆಂಬರ್, ಗುರುವಾರ. ಮನೆ

ನಿನ್ನೆ ಕೇಂದ್ರ ಸಂಪುಟ 2024ರ ಹಂಗಾಮಿನ ಬೆಂಬಲ ಬೆಲೆ ಪ್ರಕಟಿಸಿದೆ. ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000, ಎಣ್ಣೆ ಕೊಬ್ಬರಿಗೆ 11,160. ನಮ್ಮದು ಉಂಡೆ, ಅದಕ್ಕೆ ಹೋದ ವರ್ಷ 11,750 ಇತ್ತು. ಏರಿದ್ದು 250 ರೂಪಾಯಿ. ಬೆಳಿಗ್ಗೆಯಿಂದ ನಾಲ್ಕು ಜನ ಫೋನು ಮಾಡಿ "ನಿಮ್ಮ ಹೋರಾಟಕ್ಕೆ ಜಯ" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾರುಕಟ್ಟೆಯಲ್ಲಿ ಒಂಬತ್ತು ಸಾವಿರದ ಆಸುಪಾಸು ನಡೆಯುತ್ತಿದೆ. ಹನ್ನೆರಡು ಸಾವಿರ ಪೇಪರಿನಲ್ಲಿದೆ, ಒಂಬತ್ತು ಸಾವಿರ ಅಂಗಳದಲ್ಲಿದೆ.

ಇವೆರಡರ ನಡುವೆ ಇರುವ ಮೆಟ್ಟಿಲುಗಳನ್ನು ನಮ್ಮ ಸಂಘದವರಿಗೆ ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. ಬೆಲೆ ಪ್ರಕಟಿಸಿದ ಮಾತ್ರಕ್ಕೆ ಯಾರೂ ಕೊಳ್ಳುವುದಿಲ್ಲ. ರಾಜ್ಯ ಸರ್ಕಾರ ಕೇಂದ್ರಕ್ಕೆ ಪ್ರಸ್ತಾವ ಕಳಿಸಬೇಕು. ಮಾರುಕಟ್ಟೆ ಶುಲ್ಕ ಬಿಡಬೇಕು, ಗೋಣಿಚೀಲ ಹೊಂದಿಸಬೇಕು. ಕೇಂದ್ರ ಒಪ್ಪಿ, ಇಷ್ಟು ಟನ್ ಎಂದು ಗೊತ್ತು ಮಾಡಬೇಕು. ಅದೂ ಬೆಳೆದದ್ದರ ಕಾಲುಭಾಗದ ಮಿತಿಯೊಳಗೆ. ಆಮೇಲೆ ಕೇಂದ್ರದ ಪರವಾಗಿ ನಾಫೆಡ್ ಕೊಳ್ಳುತ್ತದೆ. ದಿಲ್ಲಿಯಲ್ಲಿ ಕೇಳಿದರೆ ರಾಜ್ಯದಿಂದ ಕಾಗದ ಬಂದಿಲ್ಲ ಅನ್ನುತ್ತಾರೆ, ಬೆಂಗಳೂರಿನಲ್ಲಿ ಕೇಳಿದರೆ ಬೆಲೆ ನಿಗದಿ ದಿಲ್ಲಿಯದು ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎನ್ನುವುದೇ ಸಂಕಟ.

ಲೋಕಸಭೆ ಚುನಾವಣೆ ಹತ್ತಿರದಲ್ಲಿದೆ. ನೀತಿ ಸಂಹಿತೆ ಬಂದರೆ ಯಾರೂ ಹೊಸದಾಗಿ ಏನನ್ನೂ ಘೋಷಿಸುವಂತಿಲ್ಲ. ಹೆಚ್ಚೆಂದರೆ ಎರಡೂವರೆ ತಿಂಗಳು ಇದೆ.

9 ಜನವರಿ 2024, ಮಂಗಳವಾರ. ಬೆಂಗಳೂರು

ವಿಕಾಸಸೌಧ. ಗೇಟಿನಲ್ಲಿ ಆಧಾರ್ ತೋರಿಸಿ, ಪಾಸಿಗೆ ಒಂದು ಗಂಟೆ ಕಾದೆವು. ದೊಡ್ಡಪ್ಪನಿಗೆ ಪಿತ್ತ ನೆತ್ತಿಗೇರಿತು. ಪ್ರೊಫೆಸರ್ ನಂಜುಂಡಸ್ವಾಮಿಯವರ ಕಾಲದಲ್ಲಿ ರೈತ ಸಂಘದ ಊರುಗಳ ಬಾಗಿಲಲ್ಲಿ ಬೋರ್ಡು ನೆಟ್ಟಿರುತ್ತಿದ್ದರು: ಅನುಮತಿಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು. "ಆವಾಗ ಅವರು ನಮ್ಮ ಪಾಸಿಗೆ ಕಾಯ್ತಿದ್ರು" ಅಂತ ಕಾವಲಿನ ಪೇದೆಗೇ ಹೇಳಿದರು. ಪೇದೆ ಮಂಡ್ಯದವನಂತೆ. ನಕ್ಕು, ಕೂರಲು ಕುರ್ಚಿ ತಂದುಕೊಟ್ಟ.

ಅಧಿಕಾರಿ ಒಳ್ಳೆಯವರು. ಟೀ ತರಿಸಿದರು. ಈ ಸಲ ಒಂದೇ ಬೇಡಿಕೆ ಅಂತ ನಾವು ಮೊದಲೇ ಗಟ್ಟಿಮಾಡಿಕೊಂಡು ಹೋಗಿದ್ದೆವು: ಖರೀದಿ ಕೇಂದ್ರ ಬೇಗ ತೆರೆಯಿರಿ, ಬೆಂಬಲ ಬೆಲೆಯ ಮೇಲೆ ರಾಜ್ಯದ ಪ್ರೋತ್ಸಾಹಧನ ಸೇರಿಸಿ. ಲೆಕ್ಕ ಹಾಕಿದರೆ ಅದು ಎರಡು. ಇರಲಿ.

ಅವರು ಎಲ್ಲ ಕೇಳಿ, ಪೆನ್ನಿನ ಮುಚ್ಚಳ ತೆಗೆದು, "ಒಂದು ಕ್ವಿಂಟಲ್ ಕೊಬ್ಬರಿಗೆ ನಿಮಗೆ ಬೀಳೋ ಖರ್ಚೆಷ್ಟು?" ಅಂದರು.

ನಾವು ಐದು ಜನ. ಒಬ್ಬರು ಹದಿನಾಲ್ಕು ಸಾವಿರ ಅಂದರು, ಇನ್ನೊಬ್ಬರು ಹದಿನಾರು. ದೊಡ್ಡಪ್ಪ ಇಪ್ಪತ್ತು ಅಂದರು, ಜೋರಾಗಿ. ಅಧಿಕಾರಿ ಯಾವುದನ್ನೂ ಬರೆದುಕೊಳ್ಳಲಿಲ್ಲ. "ಯಾರ ಹತ್ತಿರವಾದರೂ ಲೆಕ್ಕದ ಪುಸ್ತಕ ಇದೆಯಾ?" ಎಂದು ಕೇಳಿದರು. ಗೇಲಿ ಇರಲಿಲ್ಲ ಆ ಮಾತಿನಲ್ಲಿ. ಹಾಗಾಗಿಯೇ ಹೆಚ್ಚು ಚುಚ್ಚಿತು. ಮನವಿ ಬರೆಯುವವನು ನಾನು, ಬಿ.ಕಾಂ. ಓದಿದವನೂ ನಾನು.

ಆಮೇಲೆ ಅವರೇ ಇನ್ನೊಂದು ಕೇಳಿದರು. "ಕಾಯಿಯನ್ನ ಹಸಿಯಾಗೇ ಮಾರಬಹುದಲ್ಲ? ಯಾಕೆ ಅಷ್ಟು ದಿನ ಇಟ್ಕೋತೀರಿ?" ನಾನು ಅಟ್ಟದ ಕತೆ ಹೇಳಿದೆ. ಕೇರಳದಲ್ಲಿ ಕಾಯಿ ಒಡೆದು ಒಣಗಿಸಿ ಎಣ್ಣೆಗೆ ಹಾಕುತ್ತಾರೆ, ಕೆಲವು ದಿನದ ಕೆಲಸ. ನಮ್ಮದು ಹಾಗಲ್ಲ. ಕಿತ್ತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು-ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಸುಲಿದು, ಚಿಪ್ಪು ಒಡೆದು, ಉಂಡೆ ಸೀಳದಂತೆ ತೆಗೆಯಬೇಕು. ಉತ್ತರ ಭಾರತದವರಿಗೆ ಹಬ್ಬಕ್ಕೆ, ಮದುವೆಗೆ ಆ ಇಡೀ ಉಂಡೆಯೇ ಬೇಕು. ಅಟ್ಟಕ್ಕೆ ಏರಿಸುವಾಗ ಇದ್ದ ಬೆಲೆ ಇಳಿಸುವಾಗ ಇರುವುದಿಲ್ಲ. ಹಸಿಯಾಗಿ ಮಾರೋಣ ಎಂದರೆ ಕೊಬ್ಬರಿ ಬಿದ್ದಾಗ ಕಾಯಿಯೂ ಬೀಳುತ್ತದೆ.

"ಹಾಗಾದರೆ ಹತ್ತು ತಿಂಗಳು ನಿಮ್ಮ ದುಡ್ಡು ಅಟ್ಟದಲ್ಲಿ ಮಲಗಿರುತ್ತೆ" ಅಂದರು. ಇಷ್ಟು ವರ್ಷದಿಂದ ಕೊಬ್ಬರಿ ಮಾಡುತ್ತಿದ್ದೇನೆ, ಹಾಗೆ ಯೋಚಿಸಿರಲಿಲ್ಲ. ಮನವಿಯ ಮೇಲೆ 'ಪರಿಶೀಲಿಸಿ ಮಂಡಿಸಿ' ಎಂದು ಬರೆದರು. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆವು.

11 ಜನವರಿ

ಲೆಕ್ಕದ ಪುಸ್ತಕ ನನ್ನ ಹತ್ತಿರ ಇಲ್ಲ. ನನ್ನವಳ ಹತ್ತಿರ ಇತ್ತು!

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಾಳೆ ಅಂದುಕೊಂಡಿದ್ದೆ. ಅದೇ ಚೌಕಗಳಲ್ಲಿ ಪೆನ್ಸಿಲಿನಲ್ಲಿ ತೋಟದ ಆಳುಗಳೂ ಇದ್ದಾರೆ: 'ಕಾಯಿ ಕೀಳೋರು 2', 'ಗಾಡಿ', 'ಗೊಬ್ಬರ ಹೊತ್ತೋರು 5, ಊಟ ನಮ್ದು'. ಹಳೆಯ ಕ್ಯಾಲೆಂಡರನ್ನೂ ಬಿಸಾಡಿಲ್ಲ. ಡಬ್ಬಗಳ ಕೆಳಗೆ ಹಾಸಿದ್ದಳು. ಎರಡು ವರ್ಷದ್ದು ಸಿಕ್ಕಿತು. ರಾತ್ರಿ ಹನ್ನೊಂದರವರೆಗೆ ಕೂತೆವು.

ದಿಲ್ಲಿಯ ಬೆಲೆ ಆಯೋಗದವರು ಖರ್ಚನ್ನು ಮೂರು ಬಗೆಯಲ್ಲಿ ನೋಡುತ್ತಾರೆ. ಕೈಯಿಂದ ಬಿಚ್ಚಿದ ದುಡ್ಡು ಎ2. ಅದಕ್ಕೆ ಮನೆಯವರ ದುಡಿಮೆ ಸೇರಿಸಿದರೆ ಎ2 ಪ್ಲಸ್ ಎಫ್‌ಎಲ್. ಸ್ವಂತ ಜಮೀನಿನ ಗೇಣಿ, ಹೂಡಿದ ಬಂಡವಾಳದ ಬಡ್ಡಿ ಸೇರಿದರೆ ಸಿ2. ಬೆಂಬಲ ಬೆಲೆಯನ್ನು ಎರಡನೆಯದರ ಒಂದೂವರೆ ಪಟ್ಟು ಎಂದು ಲೆಕ್ಕ ಮಾಡುತ್ತಾರೆ. ಸ್ವಾಮಿನಾಥನ್ ಆಯೋಗದ ಹೆಸರು ಹಿಡಿದು ರೈತ ಸಂಘಟನೆಗಳು ಕೇಳುವುದು ಮೂರನೆಯದರ ಮೇಲೆ. ಇದನ್ನು ಇವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತು ತಿಂಗಳು ಅಟ್ಟದ ಮೇಲಿಂದ ಕೋತಿ ಓಡ್ಸಿದ್ನಲ್ಲ, ಅದು ಯಾವ ಅಕ್ಷರಕ್ಕೆ ಬರುತ್ತೆ?" ಅಂದಳು.

ಎಫ್‌ಎಲ್ ಅಂದೆ. ಖಾತ್ರಿಯಿಲ್ಲ.

ಬರದ ವರ್ಷ ಬೇರೆ. ರಾಜ್ಯದ 223 ತಾಲ್ಲೂಕು ಬರಪೀಡಿತ. ಎರಡು ತಿಂಗಳು ಟ್ಯಾಂಕರ್ ನೀರು ಹೊಡೆಸಿದ್ದು ಸೇರಿಸಿದೆವು. ಸಹಕಾರ ಸಂಘದ ಸಾಲಕ್ಕಿಂತ ಕೈಸಾಲದ ಬಡ್ಡಿಯೇ ಜಾಸ್ತಿ. ಒಂದು ಕ್ವಿಂಟಲಿಗೆ ಏಳೆಂಟುನೂರು ಕಾಯಿ ಬೇಕು ಎಂದು ಹಿಡಿದು, ಕೊನೆಗೆ ಬಂದದ್ದು 15,400. ದೊಡ್ಡಪ್ಪನ ಇಪ್ಪತ್ತೂ ಅಲ್ಲ, ಪೇಪರಿನ ಹನ್ನೆರಡೂ ಅಲ್ಲ. ಒಂದು ತೋಟದ ಲೆಕ್ಕ ಅಷ್ಟೇ. ಆದರೂ ಯಾರಾದರೂ ಕೇಳಿದರೆ ಮುಖ ಎತ್ತಿ ಹೇಳಬಹುದು. ಕ್ಯಾಲೆಂಡರಿನ ಜೆರಾಕ್ಸ್ ಲಗತ್ತಿಸಿ ಒಂದೇ ಪುಟದ ಹೊಸ ಮನವಿ ಬರೆದೆ. 'ಮಲಗಿರುವ ದುಡ್ಡಿನ ಬಡ್ಡಿ' ಎಂದು ಬೇರೆಯೇ ಸಾಲು ಹಾಕಿದೆ.

30 ಜನವರಿ

ಬೆಂಬಲ ಬೆಲೆಯ ಮೇಲೆ ರಾಜ್ಯದ್ದು 1,500. ಒಟ್ಟು 13,500. ಪಟ್ಟಣದಲ್ಲಿ ಎರಡು ಪಕ್ಷದವರದೂ ಫ್ಲೆಕ್ಸ್ ಎದ್ದಿವೆ, ಮೂರನೆಯವರದು ಪ್ರಿಂಟ್ ಆಗುತ್ತಿದೆಯಂತೆ. ಸಂಘದಲ್ಲೂ ಒಂದು ಹಾಕೋಣ ಎಂದರು, ಬೇಡ ಅಂದೆ. ನಮ್ಮ ಜೆರಾಕ್ಸ್ ಯಾರಾದರೂ ಓದಿದರೋ, ಸದನದ ಗದ್ದಲಕ್ಕೆ ಬಂತೋ, ಚುನಾವಣೆಯ ಭಯಕ್ಕೋ, ಹೇಗೆ ಹೇಳುವುದು? ಬೀದಿಯಲ್ಲಿ ಕೂಗಿದವರಿಲ್ಲದಿದ್ದರೆ ಆ ಅಧಿಕಾರಿ ನಮಗೆ ಟೀ ಕೊಡುತ್ತಿರಲಿಲ್ಲ ಎನ್ನುವುದಂತೂ ನಿಜ. ಇದನ್ನು ದೊಡ್ಡಪ್ಪನ ಮುಂದೆ ಒಪ್ಪಿಕೊಂಡೆ. ಅವರು ಎರಡು ದಿನ ಬೀಗುತ್ತಾರೆ.

13 ಫೆಬ್ರುವರಿ, ಮಂಗಳವಾರ

ಕೇಂದ್ರ ರಾಜ್ಯಕ್ಕೆ ಕೊಟ್ಟ ಖರೀದಿ ಮಿತಿ 62,500 ಟನ್. ನೋಂದಣಿ ಶುರುವಾಗಿ ಕೆಲವೇ ದಿನಕ್ಕೆ ಭರ್ತಿ. ಸರದಿಯಲ್ಲಿ ಚಪ್ಪಲಿ ಇಟ್ಟು ಹೋದವರ ಚಪ್ಪಲಿ ಅಲ್ಲೇ ಇವೆ, ಲಿಸ್ಟು ಮುಗಿದಿದೆ. ರೈತರ ಹೆಸರಿನಲ್ಲಿ ವರ್ತಕರು ತೂರಿದ್ದಾರೆ ಎಂದು ಎಲ್ಲೆಡೆ ದೂರು. ನಾವೂ ತಹಶೀಲ್ದಾರರಿಗೆ ಮನವಿ ಕೊಟ್ಟೆವು.

ಇಲ್ಲೊಂದು ಮಾತು ಬರೆದಿಡಬೇಕು, ಬೇರೆಲ್ಲೂ ಬರೆಯಲಾರೆ. ಆ ಮನವಿಗೆ ಸಹಿ ಹಾಕಿದವರಲ್ಲಿ ಒಬ್ಬ ತನ್ನ ಪಹಣಿ, ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ ಎರಡನ್ನೂ ಒಬ್ಬ ವರ್ತಕನಿಗೆ ಕೊಟ್ಟಿದ್ದಾನೆ. ಅವನ ಕೊಬ್ಬರಿ ಆಗಸ್ಟಿನಲ್ಲೇ ಸಿಕ್ಕಿದ ಬೆಲೆಗೆ ಹೋಗಿತ್ತು, ಮಗಳ ಮದುವೆ ಇತ್ತು. ಕಾಯಲು ಆಗದವನ ಅಟ್ಟ ಖಾಲಿ. ಖಾಲಿ ಅಟ್ಟದವನ ಹತ್ತಿರ ಮಾರಲು ಪಹಣಿ ಒಂದೇ ಉಳಿದಿತ್ತು. ನಾನು ಕೇಳಲಿಲ್ಲ. ಅವನೇ ಹೇಳಿದ, ಟೀ ಅಂಗಡಿಯಲ್ಲಿ. ಟೀ ದುಡ್ಡು ನಾನೇ ಕೊಟ್ಟೆ.

ದಿಲ್ಲಿ ಚಲೋಗೆ ಹೊರಟ ನಮ್ಮ ರಾಜ್ಯದ ರೈತರನ್ನು ಭೋಪಾಲ್ ಸ್ಟೇಷನ್ನಿನಲ್ಲಿ ಇಳಿಸಿದ್ದಾರೆ. ದೊಡ್ಡಪ್ಪ ಹೋಗಲು ತಯಾರಾಗಿದ್ದರು. ಮಂಡಿ ನೋವು ಅವರನ್ನು ಭೋಪಾಲಿಗೂ ಮೊದಲೇ ಇಳಿಸಿತು. ಹೋದ ವಾರವಷ್ಟೇ ಸ್ವಾಮಿನಾಥನ್ ಅವರಿಗೆ ಭಾರತರತ್ನ ಘೋಷಣೆಯಾಯಿತು.

6 ಮಾರ್ಚ್, ಬುಧವಾರ

ಹಳೆಯ ನೋಂದಣಿ ರದ್ದು. ಸೋಮವಾರದಿಂದ ಹೊಸದಾಗಿ, ಹೆಬ್ಬೆಟ್ಟು ಕಡ್ಡಾಯ. ಎಕರೆಗೆ 6 ಕ್ವಿಂಟಲ್, ಒಬ್ಬರಿಗೆ ಹೆಚ್ಚೆಂದರೆ 15. ಬೆಳಗಿನ ಜಾವ ನಾಲ್ಕಕ್ಕೆ ಟಾರ್ಚು ಹಿಡಿದು ಹೋದರೆ ಮುಂದೆ ನೂರು ಜನ.

ದೊಡ್ಡಪ್ಪನ ಹೆಬ್ಬೆರಳು ಯಂತ್ರಕ್ಕೆ ಸಿಗಲಿಲ್ಲ. ಬಲಗೈ ಇಲ್ಲ, ಎಡಗೈ ಇಲ್ಲ. ಐವತ್ತು ವರ್ಷ ಕಾಯಿ ಸುಲಿದ ಬೆರಳು, ಗೆರೆ ಎಲ್ಲಿ ಉಳಿದಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಅಂದರು, ಪಂಚೆಗೆ ಉಜ್ಜಿ ಅಂದರು. ಹಿಂದಿನವರು ಗೊಣಗತೊಡಗಿದರು. ಅವರು ಬೈಯುತ್ತಾರೆ, ಮೇಜು ಗುದ್ದುತ್ತಾರೆ ಎಂದು ನಾನು ಕಾಯುತ್ತಿದ್ದೆ. ಸುಮ್ಮನೆ ಒಂದೊಂದೇ ಬೆರಳು ಇಟ್ಟರು. ಬಲಗೈಯ ಉಂಗುರ ಬೆರಳು ಹತ್ತಿತು. ಹೊರಗೆ ಬಂದು, "ಸದ್ಯ, ಇದೊಂದನ್ನ ಮಾಲೆ ಎಣಿಸಕ್ಕೆ ಅಂತ ಇಟ್ಕೊಂಡಿದ್ದೆ" ಅಂದರು.

ನನ್ನದು 15 ಕ್ವಿಂಟಲ್ ಬರೆದುಕೊಂಡರು. ಅಟ್ಟದಲ್ಲಿ 22 ಇದೆ, ಹೋದ ವರ್ಷ ಉಳಿಸಿಕೊಂಡದ್ದೂ ಸೇರಿ. ಮಿಕ್ಕ ಏಳನ್ನು ಮಾರುಕಟ್ಟೆಗೇ ಹಾಕಬೇಕು. ಇನ್ನೂ ಇಟ್ಟರೆ ಕೌಟು ಹಿಡಿಯುತ್ತದೆ.

17 ಮಾರ್ಚ್, ಭಾನುವಾರ

ನಿನ್ನೆ ಚುನಾವಣೆ ಘೋಷಣೆಯಾಯಿತು. ಇನ್ನು ಜೂನ್‌ವರೆಗೆ ಯಾವ ಕದ ತಟ್ಟಿದರೂ 'ನೀತಿ ಸಂಹಿತೆ' ಎಂಬ ಉತ್ತರ. ಮನವಿಯ ಕಡತವನ್ನು ಬೀರುವಿನಲ್ಲಿ ಇಟ್ಟೆ.

ಏಳು ಕ್ವಿಂಟಲ್ ಹೋಯಿತು. ಪಟ್ಟಿಯನ್ನು ಇವಳ ಕೈಗೆ ಕೊಟ್ಟೆ. ಓದಿ ಮಡಚಿ ಇಟ್ಟಳು. ಆಮೇಲೆ ಕ್ಯಾಲೆಂಡರ್ ತೆಗೆದು, "ಬೆಳಗಾವಿದು, ಬೆಂಗಳೂರ್ದು ಚಾರ್ಜು ಎಲ್ಲೂ ಬರ್ದಿಲ್ಲ ನೀವು" ಅಂದಳು. ಟಿಕೆಟ್ಟುಗಳು ಜೇಬಿನಲ್ಲೇ ಒಗೆತಕ್ಕೆ ಹೋಗಿದ್ದವು. ಅಂದಾಜಿನಲ್ಲಿ ಹೇಳಿದೆ, ಬರೆದುಕೊಂಡಳು.

ಮಧ್ಯಾಹ್ನ ಹೊಸ ಕಾಯಿ ಬಂತು. ಬರಕ್ಕೆ ಸಣ್ಣಗಾಗಿವೆ. ಅಟ್ಟದ ಅರ್ಧ ಖಾಲಿಯಾಗಿತ್ತು, ದಬ್ಬೆ ಎರಡು ಮುರಿದಿದ್ದವು, ಬದಲಾಯಿಸಿದೆವು. ಸಂಜೆಯವರೆಗೆ ಏರಿಸಿದೆವು. ಇಳಿಸುವುದು 2025ರ ಫೆಬ್ರುವರಿಗೋ ಮಾರ್ಚಿಗೋ. ಆಗಲೇ ಕೋತಿಯೊಂದು ಮಾಡಿನ ತುದಿಯಲ್ಲಿ ಕೂತು ನೋಡುತ್ತಿತ್ತು.