ಬಹುಮಾನ ಯಾರಿಗೆ?

ಬುಕ್ ಕ್ರಿಕೆಟ್ ಆಡದ ವಿದ್ಯಾರ್ಥಿ ಅಪರೂಪ. ಆಡಿಯೇ ಇಲ್ಲವೆನ್ನುವ ತಂದೆ-ತಾಯಿಯರನ್ನು ನಂಬುವುದು ಕಷ್ಟ! ಪುಸ್ತಕವನ್ನು ನೋಡದೆ ತೆರೆಯಬೇಕು. ಎಡಪುಟದ್ದು ಯಾವಾಗಲೂ ಸಮಸಂಖ್ಯೆ. ಕೊನೆಯ ಅಂಕಿ 2, 4, 6 ಬಂದರೆ ಅಷ್ಟು ರನ್, 8 ಬಂದರೆ ಒಂದು, ಸೊನ್ನೆಗೆ ಔಟ್.

ಮಾಣಿಕನಗರದಲ್ಲಿ ಮಳೆ ಹಿಡಿದ ಒಂದು ಭಾನುವಾರ ಓಣಿಯ ಹುಡುಗರು ನಮ್ಮ ಪಡಸಾಲೆಯಲ್ಲಿ ಈ ಆಟದ ಟೂರ್ನಿ ನಡೆಸಿದರು. ದುಡ್ಡು ಕೂಡಿಸಿ ‘ಉತ್ತಮ ಬ್ಯಾಟ್ಸ್‌ಮನ್’ಗೆಂದು ಪೆನ್ನು ತಂದಿದ್ದರು. ಕೊನೆಗೆ ಜಗಳ ಹತ್ತಿತು.

“8 ಇನಿಂಗ್ಸ್‌ನಾಗ 104 ರನ್. ನಂದೇ ಹೆಚ್ಚು ಅದಾವ್ರೀ ಸರ್” ಎಂದ ಒಬ್ಬ.

“ನಂದು ಮೂರರಾಗ 60. ಸರಾಸರಿ ನಂದೇ ಜಾಸ್ತಿ ಅದರೀ” ಎಂದ ಇನ್ನೊಬ್ಬ.

ಲೆಕ್ಕ ಹಾಕಿಸಿದೆ. ಐದೂ ಅಂಕಿಗಳು ಸಮನಾಗಿ ಬಂದರೆ ಐದು ಸಲಕ್ಕೆ ಒಮ್ಮೆ ಔಟ್. ಉಳಿದ ನಾಲ್ಕರಲ್ಲಿ 2+4+6+1, ಅಂದರೆ 13 ರನ್. 104ನ್ನು 8ರಿಂದ ಭಾಗಿಸಿದರೂ ಅದೇ 13! ಮೊದಲನೆಯವನಿಗೆ ಅವಕಾಶ ಹೆಚ್ಚು ಸಿಕ್ಕಿತ್ತು, ಎರಡನೆಯವನಿಗೆ ಅದೃಷ್ಟ.

“ಹಾಗಾದ್ರ ಯಾವ ನಿಯಮ ಹಿಡೀಬೇಕ್ರೀ?”

“ಗೆದ್ದವನ ಮುಖ ನೋಡಿದ ಮೇಲೆ ಮಾಡಿದ್ದು ನಿಯಮವಲ್ಲಪ್ಪ, ಪಕ್ಷಪಾತ. ಮೊದಲು ಬರೆದಿಡಿ, ಆಮೇಲೆ ಆಡಿ” ಎಂದೆ. ಪೆನ್ನು ಮುಂದಿನ ಟೂರ್ನಿಗೆ ಉಳಿಯಿತು.

ದೊಡ್ಡವರ ಆಟದಲ್ಲೂ ಈ ಪ್ರಶ್ನೆ ಇದೆ. 1983ರ ವಿಶ್ವಕಪ್ ಫೈನಲ್‌ನಲ್ಲಿ ಹೆಚ್ಚು ರನ್ ಹೊಡೆದವರು ಶ್ರೀಕಾಂತ್, 38. ಪಂದ್ಯಪುರುಷರಾದವರು 26 ರನ್ ಗಳಿಸಿ, 12 ರನ್ನಿಗೆ 3 ವಿಕೆಟ್ ಪಡೆದ ಮೊಹಿಂದರ್ ಅಮರನಾಥ್. ಎರಡನ್ನೂ ತೂಗಿದ್ದು ನ್ಯಾಯ. ಆದರೆ ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದ ನಮ್ಮ ರೋಜರ್ ಬಿನ್ನಿಗೆ ಟೂರ್ನಿಯ ಶ್ರೇಷ್ಠ ಆಟಗಾರನಾಗುವ ಅವಕಾಶವೇ ಇರಲಿಲ್ಲ. ವಿಶ್ವಕಪ್‌ನಲ್ಲಿ ಆ ಪ್ರಶಸ್ತಿ ಆರಂಭವಾದದ್ದು 1992ರಲ್ಲಿ.

1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಪಡೆದರು. ಒಂಬತ್ತು ಆದಾಗ, ಹತ್ತನೆಯದೂ ಗೆಳೆಯನಿಗೇ ಸಿಗಲೆಂದು ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಚೆಂಡು ಹಾಕಿದರು. ಆ ದೊಡ್ಡತನ ಬರೆಯಲು ಸ್ಕೋರ್ ಪಟ್ಟಿಯಲ್ಲಿ ಜಾಗವಿಲ್ಲ.

ಶಾಲೆಯ ಬಹುಮಾನವೂ ಹಾಗೆಯೇ. ಹೊಲದ ಕೆಲಸ ಮುಗಿಸಿ ಓದಿ 60 ಅಂಕ ತೆಗೆದ ಹುಡುಗಿಯ ಶ್ರಮಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಪಾಲಕರೇ, ಮಗು ಬರಿಗೈಯಲ್ಲಿ ಮನೆಗೆ ಬಂದರೆ “ನಿನಗ್ಯಾಕೆ ಬರಲಿಲ್ಲ?” ಎನ್ನುವ ಮುನ್ನ, “ಏನನ್ನು ಎಣಿಸಿ ಕೊಟ್ಟರು?” ಎಂದು ಕೇಳಿ ನೋಡಿ.