ನಕಲಲ್ಲ, ಪ್ರತಿ

ನಮ್ಮ ಆಡುನುಡಿಯಲ್ಲಿ 'ನಕಲು' ಎಂಬ ಮಾತಿಗೆ ಮರ್ಯಾದೆಯಿಲ್ಲ. ನಕಲು ಸಹಿ, ನಕಲು ನೋಟು, ಪರೀಕ್ಷಾ ಕೊಠಡಿಯ ನಕಲು ಎಲ್ಲವೂ ಮೋಸದ ಬಳಗವೇ. ಆದರೆ ಹಳಗನ್ನಡ ಪಾಠ ಹೇಳುವ ನನ್ನಂಥವರ ಬದುಕು ನಿಂತಿರುವುದು ಅದರ ದಾಯಾದಿಯಾದ ಇನ್ನೊಂದು ಮಾತಿನ ಮೇಲೆ: 'ಪ್ರತಿ'. ಪಂಪನ ಕೈಬರಹವನ್ನು ಕಂಡವರಿಲ್ಲ. ನಾವು ಓದುವುದೆಲ್ಲ ಲಿಪಿಕಾರರು ಉಳಿಸಿಕೊಟ್ಟ ಪ್ರತಿಗಳನ್ನೇ.

ಇವೆರಡರ ಅಂತರವನ್ನು ತರಗತಿಯ ಹೊರಗೆ ವಿವರಿಸುವ ಪ್ರಸಂಗ ಒದಗಿದ್ದು ಬೆಳ್ತಂಗಡಿಯ ಬಳಿಯ ಸೋದರತ್ತೆಯವರ ಮನೆಯಲ್ಲಿ. ಅತ್ತೆಯವರಿಗೆ ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿತ್ತು. ಗಡ್ಡೆಯ ಕೋಶಗಳ ಮೇಲೆ 'ಹರ್-೨' ಎಂಬ ಪ್ರೋಟೀನು ಅತಿಯಾಗಿದೆಯೆಂದು ಪರೀಕ್ಷೆ ಹೇಳಿತು. ಸ್ತನದ ಕ್ಯಾನ್ಸರುಗಳಲ್ಲಿ ಸುಮಾರು ಐದರಲ್ಲೊಂದು ಈ ಬಗೆಯದು. ಅದಕ್ಕೆ 'ಟ್ರಾಸ್ಟುಝುಮಾಬ್' ಎಂಬ ಔಷಧವಿದೆ. ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ಕೊಡಬೇಕು. ವಿದೇಶದ ಮೂಲ ಔಷಧಕ್ಕಿಂತ ಬೆಂಗಳೂರಿನಲ್ಲಿ ತಯಾರಾದದ್ದು ಅಗ್ಗ ಎಂದರು ವೈದ್ಯರು. ಬಂಟ್ವಾಳ ಪೇಟೆಯಲ್ಲಿ ಅಂಗಡಿಯಿಟ್ಟಿರುವ ಭಾವ ತಟ್ಟನೆ ಅಂದರು: "ಅಲ್ಲ ಮಾರಾಯ, ಅಡಿಕೆ ತೋಟ ಮಾರಿಯಾದರೂ ಅಸಲನ್ನೇ ತರಿಸುವ. ಅಮ್ಮನ ಜೀವಕ್ಕೆ ನಕಲು ಮದ್ದೇ?"

ಮಗನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಆ ಮದ್ದಿನ ಹುಟ್ಟೇ ಪ್ರತಿ ಮಾಡುವ ವಿದ್ಯೆಯಿಂದ ಎಂಬುದು ಓದಿದಂತೆಲ್ಲ ನನಗೆ ತಿಳಿಯಿತು. ರೋಗಾಣುಗಳನ್ನು ಹಿಡಿಯಲು ನಮ್ಮ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಒಂದು ಕೋಶ ತಯಾರಿಸುವುದು ಒಂದೇ ಬಗೆಯ ಪ್ರತಿಕಾಯವನ್ನು. ಆದರೆ ಆ ಕೋಶ ದೇಹದ ಹೊರಗೆ ಬಹುಕಾಲ ಬಾಳದು. ೧೯೭೫ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳಾದ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಅದನ್ನು ಇಲಿಯ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಕೊನೆಯಿಲ್ಲದೆ ಬೆಳೆಯುವ ಕ್ಯಾನ್ಸರಿನ ದುರ್ಗುಣವೇ ಮದ್ದಿನ ಬೆನ್ನೆಲುಬಾಯಿತು! ಒಂದೇ ಕೋಶದ ಸಂತತಿಯಿಂದ ಒಂದೇ ರೂಪದ ಪ್ರತಿಕಾಯಗಳು. ಆದ್ದರಿಂದಲೇ ಅವು ಏಕತದ್ರೂಪಿ ಪ್ರತಿಕಾಯಗಳು. ೧೯೮೪ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಆ ದಾರಿಯಲ್ಲಿ ಬಂದ ಟ್ರಾಸ್ಟುಝುಮಾಬ್‌ಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು ೧೯೯೮ರಲ್ಲಿ. ಅದು ಹರ್-೨ಕ್ಕೆ ಅಂಟಿಕೊಂಡು, ಬೆಳೆಯೆಂಬ ಅಪ್ಪಣೆಯನ್ನು ತಡೆಯುತ್ತದೆ. ದೇಹದ ಕಾವಲು ಕೋಶಗಳಿಗೆ ಶತ್ರುವನ್ನು ತೋರಿಸಿಕೊಡುತ್ತದೆ.

ಇಂಥ ಔಷಧವನ್ನು ಇನ್ನೊಬ್ಬರು ತಯಾರಿಸುವುದು ಸುಲಭವಲ್ಲ. ಅದು ಬೆಳೆಯುವುದು ಜೀವಕೋಶಗಳಲ್ಲಿ. ಇಬ್ಬರು ಲಿಪಿಕಾರರ ಓಲೆಗಳಲ್ಲಿ ಪಾಠಾಂತರ ನುಸುಳುವಂತೆ ಇಲ್ಲಿಯೂ ಸಣ್ಣ ವ್ಯತ್ಯಾಸಗಳು ನುಸುಳುತ್ತವೆ. ಆದುದರಿಂದ ಮೂಲದೊಡನೆ ತಾಳೆ ನೋಡುವ ಕಾರ್ಯವೇ ದೊಡ್ಡದು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಮೈಲಾನ್ ಕಂಪನಿಯೊಡನೆ ಸಿದ್ಧಪಡಿಸಿದ ಔಷಧಕ್ಕೆ ೨೦೧೩ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ರೋಗ ದೇಹದಲ್ಲಿ ಹರಡಿದ್ದ ೪೫೮ ಮಹಿಳೆಯರಲ್ಲಿ ಅದನ್ನು ಮೂಲದೊಡನೆ ಹೋಲಿಸಿದ ಫಲಿತಾಂಶ ೨೦೧೭ರಲ್ಲಿ ಪ್ರಕಟವಾಯಿತು. ಇತರ ಕ್ಯಾನ್ಸರ್ ಔಷಧದ ಜೊತೆಗೆ ೨೪ ವಾರ ಕೊಟ್ಟ ಮೇಲೆ ಗಡ್ಡೆ ಗಣನೀಯವಾಗಿ ಕುಗ್ಗಿದವರು ಪ್ರತಿಯ ಪಂಗಡದಲ್ಲಿ ಶೇಕಡಾ ೬೯.೬, ಮೂಲದ ಪಂಗಡದಲ್ಲಿ ಶೇಕಡಾ ೬೪. ಎರಡೂ ಸರಿಸಮವೆಂದು ತಜ್ಞರು ನಿರ್ಣಯಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕವೂ ಒಪ್ಪಿತು.

ಭಾವನಿಗೆ ನಾನು ಅಂಕಿಗಳ ಜೊತೆಗೆ ಮೂಡಬಿದಿರೆಯ ಮಾತನ್ನೂ ಹೇಳಿದೆ. ಅಲ್ಲಿಯ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಯೋಲೆಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಯಾತ್ರಿಕರು ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವ ಭಾಗ್ಯ ಮಾತ್ರ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಮೊದಲಾಯಿತು. ೧೯೩೯ರಿಂದ ಅಚ್ಚಿನ ಸಂಪುಟಗಳು ಹೊರಬಂದವು. ಮೂಲದ ಪಾವಿತ್ರ್ಯಕ್ಕೆ ಅದರಿಂದ ಕುಂದಾಗಲಿಲ್ಲ. ಓದುಗನ ಬಡತನ ನೀಗಿತು.

ಭಾವ ಒಪ್ಪಿದರು. ತೋಟ ಉಳಿಯಿತು. ಔಷಧದಿಂದ ಹೃದಯ ದುರ್ಬಲವಾಗಬಹುದಾದ್ದರಿಂದ ನಡುನಡುವೆ ಅದರ ಪರೀಕ್ಷೆಯೂ ಆಯಿತು. ವರ್ಷದ ಚಿಕಿತ್ಸೆ ಮುಗಿಸಿದ ಅತ್ತೆಯವರು ಈಗ ಅಂಗಳದಲ್ಲಿ ಅಡಿಕೆ ಒಣಹಾಕುವವರಿಗೆ ಹಿಂದಿನಂತೆಯೇ ಗದರುತ್ತಾರೆ. ಆದರೆ ತಪಾಸಣೆಯ ದಿನ ಬಂತೆಂದರೆ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ನಮಗೆ ಮಾರಲು ತೋಟವಾದರೂ ಇತ್ತು. ಆ ಅಂಗಳದಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸರಿಗೆ ಅಗ್ಗದ ಪ್ರತಿಯೂ ತೀರ ದುಬಾರಿಯೇ. ಇನ್ನೂ ಹಲವರು ಲಿಪಿಕಾರರು ಓಲೆಯ ಮುಂದೆ ಕೂರಬೇಕಾಗಿದೆ.